“ನಡೀತಾ ಇದೆ” ಎನ್ನುವ ಉತ್ತರಕ್ಕೆ ಎಷ್ಟು ಅಂಕ?

*ಆರೋಗ್ಯ ಮಾಲೆ: ಸೇಲ್ಸ್ ಕೆಲಸ ಮಾಡುವವರಿಗೆ ಮತ್ತು ಅವರ ಮನೆಯವರಿಗೆ*



ಭಾನುವಾರ ಊರಿನಿಂದ ಫೋನ್ ಬರುತ್ತದೆ. ಅವ್ವ ಕೇಳುತ್ತಾಳೆ, “ಕೆಲಸ ಹ್ಯಾಂಗ ನಡದೈತಿ?” ನೀವು ಹೇಳುತ್ತೀರಿ, “ನಡದೈತಿ.” ಕರಾವಳಿ ಕಡೆಯ ಮನೆಯಾದರೆ, “ಕೆಲಸ ಹೇಗುಂಟು?” “ಪರವಾಗಿಲ್ಲ.” ಕಲಬುರಗಿ ಇರಲಿ, ಕುಂದಾಪುರ ಇರಲಿ, ಉತ್ತರ ಹೆಚ್ಚುಕಡಿಮೆ ಇದೇ. ಅಲ್ಲಿಗೆ ಮಾತು ಮಳೆ, ಬೆಳೆ, ಯಾರದೋ ಮದುವೆಯ ಕಡೆಗೆ ಹೊರಳುತ್ತದೆ.

ಇವತ್ತಿನ ಲೇಖನ ಆ ಒಂದು ಮಾತಿನ ಬಗ್ಗೆ. ಆರೋಗ್ಯ ಮಾಲೆಯಲ್ಲಿ ಕೆಲಸದ ಮಾತು ಯಾಕೆ ಎಂದು ಕೇಳಬಹುದು. ಬಿಪಿ ನೋಡಲು ಮಷೀನ್ ಇದೆ, ಶುಗರ್ ನೋಡಲು ಪಟ್ಟಿ ಇದೆ. ಆದರೆ ದಿನದ ಹತ್ತು ಹನ್ನೊಂದು ಗಂಟೆ ನಮ್ಮನ್ನು ಹಿಡಿದಿಟ್ಟುಕೊಳ್ಳುವ ಕೆಲಸ ನಮಗೆ ಒಗ್ಗುತ್ತಿದೆಯೇ ಇಲ್ಲವೇ ಎಂದು ಯಾರೂ ಅಳೆದು ನೋಡುವುದಿಲ್ಲ. ಸಂಬಳ ಬಂತಾ? ಬಂತು. ಊರಿಗೆ ಕಳಿಸಿದ್ದಾಯಿತಾ? ಆಯಿತು. ಅಷ್ಟಕ್ಕೆ ಲೆಕ್ಕ ಮುಗಿಯಿತು.

ಮುಂಬ್ರಾ, ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಮಾರುವ ಕೆಲಸ ಮಾಡುವವರು ಬಹಳ. ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ತೋರಿಸುವವರು, ಮೊಬೈಲ್ ಅಂಗಡಿಯ ಪ್ರಮೋಟರ್, ಬೈಕಿನಲ್ಲಿ ಶೀಲ್ ಫಾಟಾದಿಂದ ಪನ್ವೇಲ್ ತನಕ ಅಂಗಡಿ ಅಂಗಡಿ ಆರ್ಡರ್ ಹಿಡಿಯುವವರು, ಮೆಡಿಕಲ್ ರೆಪ್, ವಿಮೆ ಏಜೆಂಟ್, ಮಾಲ್‌ನಲ್ಲಿ ಕ್ರೀಮು ಪೌಡರ್ ಮಾರುವ ಹುಡುಗಿಯರು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಲೋನ್ ಮಾರುವವರು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ.

*ಮಾರುವವರ ಮುಖ ನೋಡಿ ತಿಳಿಯುವುದಿಲ್ಲ*

ಬೇರೆ ಕೆಲಸದವರಿಗೆ ಬೇಜಾರಾದರೆ ಮುಖದಲ್ಲಿ ಕಾಣುತ್ತದೆ. ಸೇಲ್ಸ್‌ನವರಿಗೆ ಆ ಸೌಲಭ್ಯ ಇಲ್ಲ. ನಗು ಅವರ ಕೆಲಸದ ಭಾಗ. ನಲವತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಹೋದವರಿಗೂ “ಮತ್ತೆ ಬನ್ನಿ ಅಕ್ಕಾ” ಎನ್ನಬೇಕು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರ ಕೆಲಸವನ್ನು ಗಮನಿಸಿ ಒಂದು ಪುಸ್ತಕ ಬರೆದರು. ಒಳಗೊಂದು ಭಾವನೆ ಇಟ್ಟುಕೊಂಡು ಹೊರಗೆ ಇನ್ನೊಂದು ತೋರಿಸುವುದೂ ದುಡಿಮೆಯೇ, ಅದಕ್ಕೂ ಶಕ್ತಿ ಖರ್ಚಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಮೂಟೆ ಹೊತ್ತವರ ಬೆವರು ಕಾಣುತ್ತದೆ. ನಗು ಹೊತ್ತವರ ಬೆವರು ಕಾಣುವುದಿಲ್ಲ.

ದಿನವಿಡೀ ನಕ್ಕವರು ಮನೆಗೆ ಬಂದು ಮಾತೇ ಆಡದೆ ಕೂತರೆ “ಹೊರಗಿನವರ ಹತ್ತಿರ ಚೆನ್ನಾಗಿ ಮಾತಾಡ್ತಾರೆ, ನಮ್ಮ ಹತ್ತಿರ ಮಾತ್ರ ಮುಖ ಊದಿಸ್ಕೊಳ್ತಾರೆ” ಎಂದು ಜಗಳ ಆಗುವುದು ಇದೇ ಕಾರಣಕ್ಕೆ. ಮುಖ ನೋಡಿ ತಿಳಿಯದಿದ್ದರೆ ಕೇಳಿ ತಿಳಿಯಬೇಕು. ಆದರೆ ಕೇಳುವುದು ಹೇಗೆ?

*ಅಳೆಯಲು ನೂರು ವರ್ಷದ ಪ್ರಯತ್ನ*

ಕೆಲಸದ ತೃಪ್ತಿಯನ್ನು ಅಳೆಯುವ ಪ್ರಯತ್ನ ಸುಮಾರು ನೂರು ವರ್ಷ ಹಳೆಯದು. 1935ರಲ್ಲಿ ಅಮೆರಿಕದ ರಾಬರ್ಟ್ ಹಾಪಕ್ ಈ ವಿಷಯದ ಮೇಲೆ ಒಂದು ಪುಸ್ತಕ ಬರೆದರು. 1955ರಲ್ಲಿ ಥಿಯೋಡರ್ ಕುನಿನ್ ಎಂಬವರು ಅಕ್ಷರದ ಬದಲು ಮುಖದ ಚಿತ್ರಗಳನ್ನು ಬಳಸಿದರು. ನಗುಮುಖದಿಂದ ಅಳುಮುಖದ ತನಕ ಸಾಲಾಗಿ ಚಿತ್ರ, ನಿಮ್ಮದು ಯಾವುದೋ ಅದಕ್ಕೆ ಗುರುತು ಹಾಕುವುದು. ಇವತ್ತು ಮೊಬೈಲಿನಲ್ಲಿ ನಾವು ಒತ್ತುವ ಮುಖಗಳಿಗೆ ಅವನ್ನು ಹಿರಿಯಣ್ಣ ಎನ್ನಬಹುದು.

ನಮಗೆ ಮುಖ್ಯವಾದದ್ದು 1969ರದು. ಪೆಟ್ರೀಷಿಯಾ ಸ್ಮಿತ್, ಲಾರ್ನ್ ಕೆಂಡಲ್, ಚಾರ್ಲ್ಸ್ ಹ್ಯೂಲಿನ್ ಎಂಬ ಮೂವರು ಒಂದು ಪ್ರಶ್ನಾವಳಿ ಮಾಡಿದರು. ಕೆಲಸವನ್ನು ಐದು ಭಾಗ ಮಾಡಿದರು: ಕೆಲಸ, ಸಂಬಳ, ಬಡ್ತಿ, ಮೇಲಧಿಕಾರಿ, ಜೊತೆಗಾರರು. ಪ್ರತಿ ಭಾಗಕ್ಕೂ ಚಿಕ್ಕ ಚಿಕ್ಕ ಮಾತುಗಳು. ಉತ್ತರ ಮೂರೇ: ಹೌದು, ಇಲ್ಲ, ಅಥವಾ ಒಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ಎಂದರೆ “ಹೇಳಲು ಬರುವುದಿಲ್ಲ, ಏನೋ ಇದೆ”.

ಈಗ ಅಂಕ ನೋಡಿ. ಒಳ್ಳೆಯ ಮಾತಿಗೆ “ಹೌದು” ಎಂದರೆ 3. “ಇಲ್ಲ” ಎಂದರೆ 0. ಹಾಗಾದರೆ ನಡುವಿನ ಚಿಹ್ನೆಗೆ ಒಂದೂವರೆ ಇರಬೇಕಲ್ಲವೇ? ಅವರು ಕೊಟ್ಟದ್ದು 1. ಯಾಕೆಂದರೆ “ಏನೋ ಇದೆ” ಎಂದವರ ಉಳಿದ ಉತ್ತರಗಳನ್ನು ನೋಡಿದಾಗ, ಅವರು ತೃಪ್ತರಿಗಿಂತ ಅತೃಪ್ತರ ಹತ್ತಿರವೇ ಇದ್ದರು.

ನಮ್ಮ “ನಡದೈತಿ”, “ಪರವಾಗಿಲ್ಲ”, “ನಡೀತಾ ಇದೆ” ಎಲ್ಲವೂ ಆ ಪ್ರಶ್ನಾರ್ಥಕ ಚಿಹ್ನೆಯೇ. ಮೂರಕ್ಕೆ ಒಂದು ಅಂಕ. ಮನೆಯವರು ಅದನ್ನು ಅರ್ಧ “ಹೌದು” ಎಂದು ತಿಳಿದು ಸುಮ್ಮನಾಗುತ್ತೇವೆ. ಅದು ಹೆಚ್ಚಾಗಿ ಮುಕ್ಕಾಲು “ಇಲ್ಲ” ಆಗಿರುತ್ತದೆ.

*ಸೇಲ್ಸ್‌ನವರಿಗೆ ಬೇರೆಯೇ ಅಳತೆ*

1974ರಲ್ಲಿ ಗಿಲ್ಬರ್ಟ್ ಚರ್ಚಿಲ್, ನೀಲ್ ಫೋರ್ಡ್, ಆರ್ವಿಲ್ ವಾಕರ್ ಎಂಬ ಮೂವರು ಸಂಶೋಧಕರು ಮಾರಾಟಗಾರರಿಗೆಂದೇ ಒಂದು ಅಳತೆ ತಯಾರಿಸಿದರು. ಹೆಸರು ‘ಇಂಡ್‌ಸೇಲ್ಸ್’. 95 ಮಾತುಗಳು, ಏಳು ಭಾಗ. ಹಳೆಯ ಐದು ಭಾಗಗಳ ಜೊತೆಗೆ ಎರಡು ಸೇರಿಕೊಂಡವು: ಕಂಪನಿಯ ನಿಯಮ ಮತ್ತು ಬೆಂಬಲ, ಮತ್ತು ಗಿರಾಕಿ.

ಯಾಕೆ? ಆಫೀಸಿನ ಗುಮಾಸ್ತನಿಗೆ ಗಿರಾಕಿ ಎದುರಾಗುವುದು ಅಪರೂಪ. ಸೇಲ್ಸ್‌ನವರು ಕಂಪನಿ ಮತ್ತು ಗಿರಾಕಿಯ ನಡುವಿನ ಹೊಸ್ತಿಲ ಮೇಲೆ ನಿಂತಿರುತ್ತಾರೆ. ಮಾಲು ತಡವಾದರೆ ಗಿರಾಕಿಯ ಬೈಗುಳ ಅವರಿಗೆ, ಮಾಲು ಉಳಿದರೆ ಕಂಪನಿಯ ಬೈಗುಳವೂ ಅವರಿಗೆ. ಹಾಗಾಗಿ ಸಂಬಳ ಚೆನ್ನಾಗಿದ್ದೂ ನೆಮ್ಮದಿ ಇಲ್ಲದಿರಬಹುದು, ಸಂಬಳ ಸಾಧಾರಣವಾಗಿದ್ದೂ ಕೆಲಸ ಹಿತವಾಗಿರಬಹುದು.

95 ಪ್ರಶ್ನೆ ನಮಗೆ ಬೇಡ. ಆ ಏಳು ಭಾಗ ಸಾಕು. ಜೊತೆಗೆ ನಮ್ಮ ಕಡೆಯವರಿಗೆ ಎಂಟನೆಯದೊಂದನ್ನು ನಾನೇ ಸೇರಿಸುತ್ತಿದ್ದೇನೆ: ದಾರಿ.

ಮುಂಬ್ರಾದವರಿಗೆ ಇದನ್ನು ವಿವರಿಸಬೇಕಿಲ್ಲ. ಫಾಸ್ಟ್ ಲೋಕಲ್‌ಗಳು ಇಲ್ಲಿ ನಿಲ್ಲದೆ ಹಾದುಹೋಗುತ್ತವೆ. ಸ್ಲೋ ಬರುವಾಗ ಕಲ್ಯಾಣ್, ಡೊಂಬಿವಲಿ, ದಿವಾದಲ್ಲೇ ತುಂಬಿ ಬಂದಿರುತ್ತದೆ. 2025ರ ಜೂನ್ 9, ಸೋಮವಾರ ಬೆಳಿಗ್ಗೆ ಮುಂಬ್ರಾ ಹತ್ತಿರ ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ಜೋತಿದ್ದವರು ಹಳಿ ಪಕ್ಕಕ್ಕೆ ಬಿದ್ದು ಕನಿಷ್ಠ ನಾಲ್ವರು ಸತ್ತರು. ಕೆಲಸಕ್ಕೆ ಹೋಗುವ ಹೊತ್ತು ಅದು. ಅಂಥ ದಾರಿಯನ್ನು ದಿನಕ್ಕೆ ಎರಡು ಸಲ ದಾಟುವವರ ಕೆಲಸದ ತೃಪ್ತಿ ಅಳೆಯುವಾಗ ದಾರಿಯನ್ನು ಬಿಟ್ಟರೆ ಆ ಅಳತೆಯೇ ಸುಳ್ಳು.

*ಈಗ ಒಂದು ಹಾಳೆ ತೆಗೆದುಕೊಳ್ಳಿ*

ಎಂಟು ಭಾಗ, ಭಾಗಕ್ಕೆ ಎರಡು ಪ್ರಶ್ನೆ. ಹೌದು ಎಂದರೆ 3, ಇಲ್ಲ ಎಂದರೆ 0, “ನಡೀತಾ ಇದೆ” ಎಂದರೆ 1. ಪ್ರಶ್ನೆಗಳನ್ನು ನಮ್ಮ ಬದುಕಿಗೆ ಹೊಂದುವಂತೆ ನಾನು ಬರೆದಿದ್ದೇನೆ. ಇದು ಲ್ಯಾಬ್ ಪರೀಕ್ಷೆಯಲ್ಲ, ಮನೆಯ ಕನ್ನಡಿ.

1. *ಕೆಲಸ*
ಅ) ದಿನದಲ್ಲಿ ಒಮ್ಮೆಯಾದರೂ “ಇದನ್ನು ನಾನು ಚೆನ್ನಾಗಿ ಮಾಡಿದೆ” ಅನಿಸುತ್ತದೆಯೇ?
ಆ) ಸುಳ್ಳು ಹೇಳದೆ ನಿಮ್ಮ ಮಾಲು ಮಾರಲು ಆಗುತ್ತದೆಯೇ?

2. *ಜೊತೆಗಾರರು*
ಅ) ನೀವು ಊಟಕ್ಕೆ ಹೋದಾಗ ನಿಮ್ಮ ಜಾಗ ನೋಡಿಕೊಳ್ಳುವವರು ಇದ್ದಾರೆಯೇ?
ಆ) ನಿಮ್ಮ ಗಿರಾಕಿಯನ್ನು ಕಸಿದುಕೊಳ್ಳುವುದಿಲ್ಲ ಎಂಬ ನಂಬಿಕೆ ಇದೆಯೇ?

3. *ಮೇಲಿನವರು* (ಸೇಠ್, ಮ್ಯಾನೇಜರ್, ಟೀಮ್ ಲೀಡರ್)
ಅ) ತಪ್ಪಾದಾಗ ಎಲ್ಲರೆದುರು ಬೈಯದೆ, ಬದಿಗೆ ಕರೆದು ಹೇಳುತ್ತಾರೆಯೇ?
ಆ) ಹೆದರದೆ ರಜೆ ಕೇಳಬಹುದೇ?

4. *ಕಂಪನಿಯ ನಿಯಮ, ಬೆಂಬಲ*
ಅ) ನಿಮ್ಮ ಟಾರ್ಗೆಟ್ ಯಾವ ಲೆಕ್ಕದ ಮೇಲೆ ಬಂತು ಎಂದು ನಿಮಗೆ ಗೊತ್ತೇ?
ಆ) ಮಾಲು ತಡವಾದಾಗ, ಪೀಸು ಕೆಟ್ಟಾಗ ಕಂಪನಿ ನಿಮ್ಮ ಬೆನ್ನಿಗೆ ನಿಲ್ಲುತ್ತದೆಯೇ?

5. *ಸಂಬಳ*
ಅ) ಇನ್ಸೆಂಟಿವ್ ಬಾರದ ತಿಂಗಳಲ್ಲೂ ಬಾಡಿಗೆ, ರೇಷನ್, ಶಾಲೆ ಫೀಸು ಸಾಗುತ್ತದೆಯೇ?
ಆ) ಹೇಳಿದ ದಿನ, ಹೇಳಿದಷ್ಟು ಕೈಗೆ ಬರುತ್ತದೆಯೇ?

6. *ಮುಂದಿನ ದಾರಿ*
ಅ) ಮೂರು ವರ್ಷದ ನಂತರ ಇಲ್ಲಿ ನೀವು ಏನಾಗಿರಬಹುದು ಎಂದು ಹೇಳಬಲ್ಲಿರಾ?
ಆ) ನಿಮಗಿಂತ ಮೊದಲು ಸೇರಿದವರಲ್ಲಿ ಯಾರಾದರೂ ಮೇಲೆ ಹೋಗಿದ್ದಾರೆಯೇ?

7. *ಗಿರಾಕಿ*
ಅ) ಹೆಚ್ಚಿನ ಗಿರಾಕಿಗಳು ಮರ್ಯಾದೆಯಿಂದ ಮಾತಾಡಿಸುತ್ತಾರೆಯೇ?
ಆ) ಮನೆಗೆ ಬಂದ ಮೇಲೆ ಅವರ ಒರಟು ಮಾತು ಮರೆತುಹೋಗುತ್ತದೆಯೇ?

8. *ಹೋಗಿಬರುವ ದಾರಿ*
ಅ) ಪ್ರಯಾಣದ ಹೊತ್ತು ಕಳೆದ ಮೇಲೂ ಏಳು ಗಂಟೆ ನಿದ್ದೆಗೆ ಸಮಯ ಉಳಿಯುತ್ತದೆಯೇ?
ಆ) ಬಾಗಿಲಲ್ಲಿ ಜೋತುಬೀಳದೆ, ಜೀವಭಯ ಇಲ್ಲದೆ ಹೋಗಿಬರಲು ಆಗುತ್ತದೆಯೇ?

ಒಂದು ಭಾಗಕ್ಕೆ ಹೆಚ್ಚೆಂದರೆ 6 ಅಂಕ. 6 ಬಂದರೆ ಹಸಿರು. 3 ಅಥವಾ 4 ಹಳದಿ. 0, 1, 2 ಬಂದರೆ ಕೆಂಪು. ಗಮನಿಸಿ, ಎರಡಕ್ಕೂ “ನಡೀತಾ ಇದೆ” ಎಂದು ಬರೆದರೆ 2 ಅಂಕ, ಅಂದರೆ ಕೆಂಪು.

*ಅಳೆಯುವಾಗ ನಾಲ್ಕು ಎಚ್ಚರಿಕೆ*

ಒಂದು, ತಿಂಗಳ ಕೊನೆಯ ಟಾರ್ಗೆಟ್ ದಿನ ಅಳೆಯಬೇಡಿ, ಎಲ್ಲವೂ ಕೆಂಪು ಕಾಣುತ್ತದೆ. ಇನ್ಸೆಂಟಿವ್ ಬಂದ ದಿನವೂ ಬೇಡ, ಎಲ್ಲವೂ ಹಸಿರು ಕಾಣುತ್ತದೆ. ತಿಂಗಳ ನಡುವಿನ ಯಾವುದಾದರೂ ಸಾಮಾನ್ಯ ಬುಧವಾರ ಒಳ್ಳೆಯದು.

ಎರಡು, ಒಂದೇ ಸಲಕ್ಕೆ ತೀರ್ಮಾನ ಬೇಡ. ಬಿಪಿಯನ್ನೂ ಒಮ್ಮೆ ನೋಡಿ ಮಾತ್ರೆ ಶುರು ಮಾಡುವುದಿಲ್ಲ. ನಾಲ್ಕು ವಾರ ಅದೇ ದಿನ ಬರೆದು, ನಾಲ್ಕೂ ಸಲ ಕೆಂಪಾಗಿರುವುದು ಯಾವುದು ಎಂದು ನೋಡಿ.

ಮೂರು, ಒಬ್ಬರೇ ಕೂತು ಬರೆಯಿರಿ. ಹೆಂಡತಿ ಎದುರಿಗಿದ್ದರೆ ಸಂಬಳದ ಪ್ರಶ್ನೆಗೆ ಕೈ ತಾನಾಗಿ “ಹೌದು” ಎನ್ನುತ್ತದೆ. ಮ್ಯಾನೇಜರ್ ಕೊಡುವ ಹೆಸರು ಬರೆದ ಫಾರ್ಮಿನಲ್ಲಿ ಎಲ್ಲರೂ ಖುಷಿಯಾಗಿರುವುದು ಇದಕ್ಕೇ. ಈ ಹಾಳೆ ಯಾರಿಗೂ ತೋರಿಸಲು ಅಲ್ಲ. ಬೇಕೆನಿಸಿದಾಗ ಮಾತ್ರ ಮನೆಯವರಿಗೆ ತೋರಿಸಿ.

ನಾಲ್ಕು, ಎಂಟೂ ಭಾಗಗಳನ್ನು ಕೂಡಿಸಬೇಡಿ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಒಂದು ಉದಾಹರಣೆ ಊಹಿಸಿಕೊಳ್ಳಿ. ಕೌಸಾದಲ್ಲಿ ಅಕ್ಕಪಕ್ಕ ವಾಸಿಸುವ ಇಬ್ಬರು. ಮೊದಲನೆಯವರಿಗೆ ಕೆಲಸ 6, ಜೊತೆಗಾರರು 6, ಮೇಲಿನವರು 0, ನಿಯಮ 3, ಸಂಬಳ 3, ಮುಂದಿನ ದಾರಿ 1, ಗಿರಾಕಿ 4, ಪ್ರಯಾಣ 3. ಎರಡನೆಯವರಿಗೆ ಕೆಲಸ 3, ಜೊತೆಗಾರರು 3, ಮೇಲಿನವರು 6, ನಿಯಮ 4, ಸಂಬಳ 4, ಮುಂದಿನ ದಾರಿ 2, ಗಿರಾಕಿ 4, ಪ್ರಯಾಣ 0. ಕೂಡಿಸಿದರೆ ಇಬ್ಬರದೂ 26. ಒಂದೇ ಮೊತ್ತ, ಆದರೆ ಒಂದೇ ಕಾಯಿಲೆಯಲ್ಲ. ಮೊದಲನೆಯವರಿಗೆ ಬೇಕಾದದ್ದು ಬೇರೆ ಮ್ಯಾನೇಜರ್ ಇರುವ ಬ್ರಾಂಚು. ಎರಡನೆಯವರಿಗೆ ಬೇಕಾದದ್ದು ಬೇರೆ ಶಿಫ್ಟು, ಇಲ್ಲವೇ ಮನೆ ಹತ್ತಿರದ ಅಂಗಡಿ. ಎರಡು ಸಾವಿರ ಸಂಬಳ ಹೆಚ್ಚಿಸಿದರೂ ಇಬ್ಬರ ಕೆಂಪೂ ಹಾಗೇ ಉಳಿಯುತ್ತದೆ. “ಕೆಲಸ ಸರಿಯಿಲ್ಲ” ಎಂದು ಒಟ್ಟಾಗಿ ಹೇಳುವುದು “ಮೈ ಸರಿಯಿಲ್ಲ” ಎಂದು ಡಾಕ್ಟರಿಗೆ ಹೇಳಿದಂತೆ. ಎಲ್ಲಿ ನೋವು ಎಂದು ಹೇಳಿದರೆ ಮಾತ್ರ ಮದ್ದು.

*ಇದಕ್ಕೂ ಆರೋಗ್ಯಕ್ಕೂ ಏನು ಸಂಬಂಧ?*

2005ರಲ್ಲಿ ಬ್ರಿಟನ್ನಿನ ಸಂಶೋಧಕರು ಕೆಲಸದ ತೃಪ್ತಿ ಮತ್ತು ಆರೋಗ್ಯದ ಬಗ್ಗೆ ಆಗಿದ್ದ 485 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಅವುಗಳಲ್ಲಿ ಎರಡು ಲಕ್ಷದ ಅರವತ್ತೇಳು ಸಾವಿರಕ್ಕೂ ಹೆಚ್ಚು ಕೆಲಸಗಾರರ ಮಾಹಿತಿ ಇತ್ತು. ತೃಪ್ತಿ ಕಡಿಮೆ ಇದ್ದವರಲ್ಲಿ ಬಳಲಿಕೆ, ಖಿನ್ನತೆ, ಆತಂಕ ಹೆಚ್ಚು, ತಮ್ಮ ಮೇಲೆ ತಮಗಿರುವ ಗೌರವ ಕಡಿಮೆ ಎಂದು ಕಂಡುಬಂತು. ಮೈ ಕಾಯಿಲೆಗಳ ಜೊತೆಗಿನ ಸಂಬಂಧ ಅಷ್ಟು ಗಟ್ಟಿಯಾಗಿರಲಿಲ್ಲ. ಕೆಲಸದಿಂದಲೇ ಖಿನ್ನತೆ ಬಂತೋ, ಖಿನ್ನತೆಯಿಂದ ಕೆಲಸ ಬೇಡವಾಯಿತೋ ಎಂದು ಇಂಥ ಲೆಕ್ಕ ಹೇಳುವುದಿಲ್ಲ. ಎರಡೂ ಆಗಬಹುದು. ಆದರೆ ಕೆಂಪು ಅಂಕ ಬಂದವರ ಮನಸ್ಸಿನ ಕಡೆ ಒಮ್ಮೆ ನೋಡಬೇಕು ಎನ್ನಲು ಇಷ್ಟು ಸಾಕು.

ಇನ್ನು ಗಂಟೆಗಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಹೇಳಿದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ಈಗ ನಿಮ್ಮ ಲೆಕ್ಕ ಹಾಕಿ. ಬೆಳಿಗ್ಗೆ ಹತ್ತೂವರೆಗೆ ಅಂಗಡಿ, ರಾತ್ರಿ ಒಂಬತ್ತೂವರೆಗೆ ಶಟರ್. ಊಟದ ಒಂದು ಗಂಟೆ ಬಿಟ್ಟರೂ ದಿನಕ್ಕೆ ಹತ್ತು, ಆರು ದಿನಕ್ಕೆ ಅರವತ್ತು. ಲೋಕಲ್‌ನ ಹೊತ್ತು ಇದರಲ್ಲಿ ಸೇರಿಲ್ಲ.

ಕಾಲಿನ ಕಥೆ ಬೇರೆ. ಗಂಟೆಗಟ್ಟಲೆ ನಿಂತರೆ ಹಿಮ್ಮಡಿ ನೋವು, ಸೊಂಟ ನೋವು, ಮೀನಖಂಡದಲ್ಲಿ ನೀಲಿ ನರ ಉಬ್ಬುವುದು. ಟಾಯ್ಲೆಟ್ ದೂರ ಎಂದು ನೀರು ಕುಡಿಯದೆ, ಮೂತ್ರ ತಡೆದುಕೊಂಡು ನಿಂತರೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೂತ್ರದ ಸೋಂಕು ಬರುವುದು ಸುಲಭ. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಕೋಝಿಕ್ಕೋಡಿನ ಪಿ. ವಿಜಿ ಮತ್ತು ಅವರ ‘ಪೆಣ್‌ಕೂಟ್ಟ್’ ಸಂಘಟನೆ ಅಂಗಡಿಯ ಹೆಣ್ಣುಮಕ್ಕಳಿಗೆ ಟಾಯ್ಲೆಟ್ ಬೇಕು, ಕೂರಲು ಅವಕಾಶ ಬೇಕು ಎಂದು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳ ಕಾನೂನು ತಿದ್ದಿ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡು ಕೂಡ ಕೊಟ್ಟಿತು. ಕೂರುವುದು ಸೋಮಾರಿತನ ಅಲ್ಲ, ಆರೋಗ್ಯ ಎಂದು ಎರಡು ಸರ್ಕಾರಗಳು ಒಪ್ಪಿವೆ.

*ಕೆಂಪು ಯಾವುದೋ, ಅದಕ್ಕೆ ತಕ್ಕ ಹೆಜ್ಜೆ*

ಎಂಟನ್ನೂ ಸರಿಪಡಿಸಲು ಹೋಗಬೇಡಿ. ಕೆಂಪಾಗಿರುವುದರಲ್ಲಿ ನಿಮ್ಮ ಕೈಗೆ ಎಟಕುವ ಒಂದನ್ನು ಹಿಡಿಯಿರಿ.

*ಗಿರಾಕಿ ಕೆಂಪಾದರೆ:* ಒರಟು ಗಿರಾಕಿ ಹೋದ ಕೂಡಲೇ ಮುಂದಿನವರನ್ನು ಹಿಡಿಯಬೇಡಿ. ಎರಡು ನಿಮಿಷ ಹಿಂದೆ ಹೋಗಿ, ನೀರು ಕುಡಿದು, ಉಸಿರನ್ನು ನಿಧಾನವಾಗಿ ಬಿಟ್ಟು ಬನ್ನಿ. ಜೊತೆಗಾರರ ಹತ್ತಿರ ಆ ಮಾತು ಹೇಳಿ ನಕ್ಕುಬಿಡಿ. ಮನೆಗೆ ಹೊತ್ತು ತರುವ ಭಾರ ಅಷ್ಟು ಕಡಿಮೆ.

*ಮೇಲಿನವರು ಕೆಂಪಾದರೆ:* ಕಂಪನಿ ದೊಡ್ಡದಾದರೆ ಕೆಲಸ ಬಿಡುವ ಮೊದಲು ಬ್ರಾಂಚ್ ಅಥವಾ ಏರಿಯಾ ಬದಲಿಸಲು ಕೇಳಿ. ಕೆಲಸ ಅದೇ, ಸೇಠ್ ಬೇರೆ ಆದರೆ ಎಷ್ಟೋ ಜನರಿಗೆ ನಿದ್ದೆ ಬರುತ್ತದೆ.

*ನಿಯಮ ಕೆಂಪಾದರೆ:* ಬಾಯಿಮಾತು ಬೇಡ. ನೇಮಕ ಪತ್ರ, ಟಾರ್ಗೆಟ್, ಇನ್ಸೆಂಟಿವ್ ಲೆಕ್ಕ ಬರಹದಲ್ಲಿ ಕೇಳಿ, ಮೆಸೇಜ್ ಆದರೂ ಸರಿ. ವಾರಕ್ಕೊಂದು ಪೂರ್ತಿ ದಿನ ರಜೆ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿದೆ. ಕಡಿಮೆ ಆಳುಗಳಿರುವ ಚಿಕ್ಕ ಅಂಗಡಿಗಳಿಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಮಾಲಕರ ಜೊತೆ ಮಾತೇ ದಾರಿ.

*ಸಂಬಳ ಕೆಂಪಾದರೆ:* ಮನೆಯ ಖರ್ಚನ್ನು ಖಾತ್ರಿ ಸಂಬಳದ ಮೇಲೆ ಮಾತ್ರ ಕಟ್ಟಿ. ಇನ್ಸೆಂಟಿವ್ ನಂಬಿ ಇಎಂಐ ಮಾಡಿದರೆ ಪ್ರತಿ ತಿಂಗಳ ಕೊನೆಯ ವಾರ ನಿದ್ದೆ ಹೋಗುತ್ತದೆ. ಊರಿಗೂ ನಿಜವಾದ ಮೊತ್ತ ಹೇಳಿ. ಇಲ್ಲದ ಹಣ ಇದೆ ಎಂದು ತೋರಿಸುವುದೂ ಒಂದು ಟಾರ್ಗೆಟ್ಟೇ.

*ಪ್ರಯಾಣ ಕೆಂಪಾದರೆ:* ಅರ್ಧ ಗಂಟೆ ಮುಂಚೆ ಅಥವಾ ತಡವಾಗಿ ಬರುವ ಶಿಫ್ಟ್ ಕೇಳಿ ನೋಡಿ. ತುಂಬಿದ ಗಾಡಿ ಬಿಟ್ಟು ಮುಂದಿನದು ಹಿಡಿಯಿರಿ. ಅರ್ಧ ದಿನದ ಸಂಬಳ ಕಡಿತವಾದರೂ ಆಗಲಿ, ಬಾಗಿಲಲ್ಲಿ ಜೋತುಬೀಳಬೇಡಿ.

*ನಿಲ್ಲುವವರೆಲ್ಲರಿಗೂ:* ಒಂದು ಗೇಣು ಎತ್ತರದ ಚಿಕ್ಕ ಮಣೆಯ ಮೇಲೆ ಒಂದೊಂದು ಕಾಲನ್ನು ಸರದಿಯಂತೆ ಇಡಿ. ಗಿರಾಕಿ ಇಲ್ಲದಾಗ ಹಿಮ್ಮಡಿ ಎತ್ತಿ ಇಳಿಸುವುದನ್ನು ಇಪ್ಪತ್ತು ಸಲ ಮಾಡಿ. ಮನೆಗೆ ಬಂದು ಹದಿನೈದು ನಿಮಿಷ ಕಾಲನ್ನು ದಿಂಬಿನ ಮೇಲೆತ್ತಿ ಮಲಗಿ. ಒಂದೇ ಕಾಲು ತಟ್ಟನೆ ಊದಿ ನೋವಾದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು.

ಕೆಲಸವನ್ನೇ ಬಿಡುವುದು ಕೊನೆಯ ಹೆಜ್ಜೆ. ನಾಲ್ಕೈದು ಭಾಗ ಕೆಂಪು, ತಿಂಗಳು ಕಳೆದರೂ ಬದಲಾಗದಿದ್ದರೆ ಬೇರೆ ಹುಡುಕಿ, ಆದರೆ ಇನ್ನೊಂದು ಕೈಗೆ ಸಿಕ್ಕ ಮೇಲೆ ಇದನ್ನು ಬಿಡಿ. ಹೊಸ ಕೆಲಸದ ಮಾತುಕತೆಗೆ ಹೋಗುವಾಗ ಈ ಹಾಳೆ ಜೊತೆಗಿರಲಿ. ಬರಿ ಸಂಬಳ ಕೇಳಿ ಬರಬೇಡಿ. ಹಳೆಯ ಕಡೆ ಯಾವುದು ಕೆಂಪಾಗಿತ್ತೋ ಅದನ್ನೇ ಮೊದಲು ಕೇಳಿ.

*ಡಾಕ್ಟರ ಹತ್ತಿರ ಯಾವಾಗ?*

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಎನ್ನುವುದನ್ನು ವಿವರಿಸಿತು. ಅದು ರೋಗವಲ್ಲ, ಕೆಲಸದಿಂದ ಬರುವ ಸ್ಥಿತಿ. ಲಕ್ಷಣ ಮೂರು: ಮಲಗಿ ಎದ್ದರೂ ಹೋಗದ ಆಯಾಸ, ಕೆಲಸದ ಬಗ್ಗೆ ಜಿಗುಪ್ಸೆ ಅಥವಾ “ಏನಾದರೇನು” ಎಂಬ ಭಾವ, ಮೊದಲು ಸುಲಭವಾಗಿ ಆಗುತ್ತಿದ್ದ ಕೆಲಸ ಈಗ ಕೈಗೂಡದಿರುವುದು. ಇವು ಕಂಡರೆ ಮೇಲಿನ ಹೆಜ್ಜೆಗಳನ್ನು ತಡಮಾಡದೆ ಶುರು ಮಾಡಿ.

ಆದರೆ ಎರಡು ವಾರಕ್ಕೂ ಹೆಚ್ಚು ದಿನ ಮನಸ್ಸು ಕುಗ್ಗಿದ್ದರೆ, ರಜೆಯ ದಿನವೂ ಯಾವುದರಲ್ಲೂ ಆಸೆ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಕುಡಿತ ದಿನದಿನಕ್ಕೆ ಏರುತ್ತಿದ್ದರೆ, ಅದು ಕೆಲಸದ ಮಾತಷ್ಟೇ ಅಲ್ಲ. ಖಿನ್ನತೆ ಇರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ 14416 ಸಂಖ್ಯೆಗೆ ಯಾವ ಹೊತ್ತಿಗೂ ಉಚಿತವಾಗಿ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ಇದೆ, ಕನ್ನಡ ಆರಿಸಿಕೊಂಡು ಮಾತಾಡಬಹುದು. ಮುಂಬ್ರಾದವರಿಗೆ ಹತ್ತಿರದ ದೊಡ್ಡ ಮುನ್ಸಿಪಲ್ ಆಸ್ಪತ್ರೆ ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ.

“ಬದುಕಿ ಏನು ಪ್ರಯೋಜನ” ಎಂಬ ಮಾತು ಬಂದರೆ ಅದೇ ಗಳಿಗೆ 14416ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಎನಿಸಿದರೆ 112. ಅವರನ್ನು ಒಬ್ಬರನ್ನೇ ಬಿಡಬೇಡಿ.

ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ “ಗ್ಯಾಸ್ ಇರಬೇಕು, ಟಾರ್ಗೆಟ್ ಮುಗಿಸಿ ನೋಡೋಣ” ಎನ್ನಬೇಡಿ. 108ಕ್ಕೆ ಫೋನ್ ಮಾಡಿ.

*ಮನೆಯವರಿಗೆ ಒಂದು ಮಾತು*

ರಾತ್ರಿ ಬಾಗಿಲು ತೆಗೆದ ಕೂಡಲೇ “ಇವತ್ತು ಎಷ್ಟು ಸೇಲ್ ಆಯ್ತು?” ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ಅವರು ಬೆಳಿಗ್ಗೆಯಿಂದ ಹತ್ತು ಸಲ ಕೇಳಿಸಿಕೊಂಡಿದ್ದಾರೆ. “ಕೆಲಸ ಹೇಗಿದೆ?” ಎಂದೂ ಬೇಡ, ಅದಕ್ಕೆ “ನಡೀತಾ ಇದೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಚಿಕ್ಕದನ್ನು ಕೇಳಿ. ಊಟಕ್ಕೆ ಎಷ್ಟು ಗಂಟೆಗೆ ಬಿಟ್ಟರು? ಇವತ್ತು ಕೂರಲು ಸಿಕ್ಕಿತಾ? ಯಾರಾದರೂ ಜೋರಾಗಿ ಮಾತಾಡಿದರಾ? ಗಾಡಿಯಲ್ಲಿ ಒಳಗೆ ಜಾಗ ಸಿಕ್ಕಿತಾ? ಚಿಕ್ಕ ಪ್ರಶ್ನೆಗೆ ನಿಜವಾದ ಉತ್ತರ ಬರುತ್ತದೆ. ಮೊದಲ ಅರ್ಧ ಗಂಟೆ ಏನೂ ಕೇಳದೆ ನೀರು ಕೊಟ್ಟು ಬಿಟ್ಟುಬಿಟ್ಟರೂ ಸರಿ. ನಗಬೇಕಾಗಿಲ್ಲದ ಒಂದು ಜಾಗ ಅವರಿಗೆ ಬೇಕು, ಅದು ಮನೆಯೇ ಆಗಲಿ.

ಊರಿನಲ್ಲಿರುವ ತಂದೆ ತಾಯಿಗೂ ಇದನ್ನು ಓದಿ ಹೇಳಿ. ಮುಂದಿನ ಭಾನುವಾರ ಮಗ “ನಡದೈತಿ” ಎಂದಾಗ ಫೋನ್ ಇಡಬೇಡಿ. “ಏನು ನಡದೈತಿ, ಹೇಳು” ಎಂದು ಇನ್ನೊಮ್ಮೆ ಕೇಳಿ. ಆ ಎರಡನೆಯ ಪ್ರಶ್ನೆಗೆ ಬರುವ ಉತ್ತರವೇ ಅಳತೆ.

ಈ ಲೇಖನ ತಿಳಿವಳಿಕೆಗಾಗಿ, ವೈದ್ಯರ ಸಲಹೆಗೆ ಬದಲಿಯಲ್ಲ. ನಿಮ್ಮ ಗುಂಪಿನಲ್ಲಿ ಸೇಲ್ಸ್ ಕೆಲಸ ಮಾಡುವವರು ಯಾರಾದರೂ ಇದ್ದರೆ ಕಳಿಸಿ. ಕಳಿಸುವುದರ ಜೊತೆಗೆ ಒಂದು ಫೋನನ್ನೂ ಮಾಡಿ.